ಹಗಲು ಮಲಗಿಸುವ ನೋವು, ರಾತ್ರಿ ಬಾರದ ನಿದ್ದೆ

ಅರೆತಲೆನೋವು ಬಂತೆಂದರೆ ಮನೆಯವರೆಲ್ಲ ಹೇಳುವುದು ಒಂದೇ ಮಾತು: ಬಾಗಿಲು ಹಾಕಿಕೊಂಡು, ಪರದೆ ಎಳೆದು, ಸುಮ್ಮನೆ ಮಲಗು. ಸರಿಯಾದ ಮಾತೇ. ಮೈಗ್ರೇನ್ ಕೆರಳಿದ ಹೊತ್ತಿನಲ್ಲಿ ಬೆಳಕು, ಸದ್ದು, ಅಡುಗೆಮನೆಯ ಒಗ್ಗರಣೆಯ ವಾಸನೆ ಯಾವುದನ್ನೂ ತಡೆದುಕೊಳ್ಳಲಾಗುವುದಿಲ್ಲ. ಒಂದೆರಡು ಗಂಟೆ ನಿದ್ದೆ ಹತ್ತಿದರೆ ನೋವು ಇಳಿಯುವುದೂ ಉಂಟು. ಮಕ್ಕಳಿಗಂತೂ ಎಷ್ಟೋ ಸಲ ಅದೇ ಮದ್ದು. ಆದರೆ ರಾತ್ರಿ ನಿದ್ದೆ ಬಾರದೆಂದು ವೈದ್ಯರ ಬಳಿ ಹೋದರೆ ಸಿಗುವ ಸಲಹೆ ಇದಕ್ಕೆ ತದ್ವಿರುದ್ಧ: ಹಗಲು ಮಲಗಬೇಡಿ, ಬೆಳಗಿನ ಬೆಳಕಿಗೆ ಬನ್ನಿ, ಎಚ್ಚರವಿದ್ದುಕೊಂಡು ಹಾಸಿಗೆಯಲ್ಲಿ ಹೊರಳಬೇಡಿ. ಇದೂ ಸರಿಯಾದ ಮಾತೇ. ಫಜೀತಿಯೆಲ್ಲ ಎರಡೂ ಒಟ್ಟಿಗೆ ಇರುವವರದು. ಮಧ್ಯಾಹ್ನ ಮೂರು ಗಂಟೆಗೆ ಅವರನ್ನು ಕಾಯುವ ಉಪಾಯವೇ ರಾತ್ರಿ ಹನ್ನೊಂದಕ್ಕೆ ಅವರ ನಿದ್ದೆಯನ್ನು ಕೆಡಿಸುತ್ತದೆ. ಕೆಟ್ಟ ನಿದ್ದೆ ಮುಂದಿನ ನೋವನ್ನು ಕರೆದು ತರುತ್ತದೆ.

ಮೈಗ್ರೇನ್ ಎಷ್ಟು ವ್ಯಾಪಕವೆಂದು ತಿಳಿಯಲು ದೂರ ಹೋಗಬೇಕಿಲ್ಲ. ನಿಮ್ಹಾನ್ಸ್ ಸಂಶೋಧಕರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 18ರಿಂದ 65 ವರ್ಷದೊಳಗಿನ 2,329 ಮಂದಿಯನ್ನು ವಿಚಾರಿಸಿದ್ದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ವರ್ಷವೊಂದರಲ್ಲಿ ಮೈಗ್ರೇನ್ ಕಾಡಿದವರು ಶೇ. 25.2, ಜಗತ್ತಿನ ಸರಾಸರಿ ಶೇ. 14ರ ಆಸುಪಾಸು. ಹೆಂಗಸರಲ್ಲಿ ಗಂಡಸರಿಗಿಂತ ಬಹಳ ಹೆಚ್ಚು, ಅದು ನಿರೀಕ್ಷಿತವೇ. ಅಚ್ಚರಿಯೆಂದರೆ ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಇದು ಟ್ರಾಫಿಕ್ಕು, ಕಂಪ್ಯೂಟರಿನ ಮುಂದೆ ಕೂತು ಬರಿಸಿಕೊಂಡ ಕಾಯಿಲೆ ಎನ್ನುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು. ಇನ್ನು ನಿದ್ರಾಹೀನತೆಯ ನಂಟು. ನಾರ್ವೆಯಲ್ಲಿ ಒಂದೇ ಪ್ರಾಂತದ ಜನರನ್ನು ಸುಮಾರು ಹನ್ನೊಂದು ವರ್ಷಗಳ ಅಂತರದಲ್ಲಿ ಎರಡು ಬಾರಿ ಸಮೀಕ್ಷೆ ಮಾಡಿದಾಗ, ಮೊದಲು ನಿದ್ದೆಗೆಟ್ಟವರಲ್ಲಿ ಆಮೇಲೆ ತಲೆನೋವು ಹೆಚ್ಚಿತ್ತು. ಮೊದಲು ತಲೆನೋವಿದ್ದವರಲ್ಲಿ ಆಮೇಲೆ ನಿದ್ರಾಹೀನತೆ ಹೆಚ್ಚಿತ್ತು.

ಎರಡಕ್ಕೂ ಇರುವ ಕೊಂಡಿ ಎಲ್ಲಿದೆ? ಮೈಗ್ರೇನ್ ಎಂದರೆ ತಲೆಯ ರಕ್ತನಾಳಗಳು ಹಿಗ್ಗುವುದು ಎಂದು ವೈದ್ಯಲೋಕವೂ ಬಹುಕಾಲ ನಂಬಿತ್ತು. ಈಗಿನ ತಿಳಿವಳಿಕೆ ಬೇರೆ. ಮುಖ ಮತ್ತು ಮಿದುಳಿನ ಹೊದಿಕೆಯಿಂದ ನೋವಿನ ಸುದ್ದಿ ಒಯ್ಯುವ ಟ್ರೈಜೆಮಿನಲ್ ನರದ ತುದಿಗಳಿಂದ ಸಿಜಿಆರ್‌ಪಿ ಎಂಬ ಪುಟ್ಟ ರಾಸಾಯನಿಕ ಹೊರಬಿದ್ದು ನೋವನ್ನು ಎಬ್ಬಿಸುತ್ತದೆ. ಇದನ್ನು ಬಿಡಿಸಿ ತೋರಿಸಿದ ಎಡ್ವಿನ್‌ಸನ್, ಗೋಡ್ಸ್‌ಬಿ, ಮಾಸ್ಕೋವಿಟ್ಸ್, ಓಲೆಸೆನ್ ಎಂಬ ನಾಲ್ವರಿಗೆ 2021ರ ಬ್ರೇನ್ ಪ್ರೈಜ್ ಸಂದಿತು. ಅದಕ್ಕೂ ಮೊದಲೇ, 2018ರಲ್ಲಿ, ಸಿಜಿಆರ್‌ಪಿಗೆ ತಡೆಯೊಡ್ಡುವ ಮೊದಲ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತ್ತು. ಆದರೆ ಆ ನರವನ್ನು ಕೆಣಕುವುದು ಯಾವುದು?

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಲಾರಾ ಶುಲ್ಟೆ ಮತ್ತು ಆರ್ನೆ ಮೇ ಇದಕ್ಕೆ ಉತ್ತರ ಹುಡುಕಿದ ರೀತಿ ಸೊಗಸಾಗಿದೆ. ನೋವು ಬಂದ ಮೇಲೆ ರೋಗಿಯನ್ನು ಸ್ಕ್ಯಾನಿಗೆ ತಂದರೆ ಕಾಣುವುದು ನೋವೇ ಹೊರತು ಅದರ ಆರಂಭವಲ್ಲ. ಹಾಗಾಗಿ ಒಬ್ಬರೇ ರೋಗಿಯನ್ನು 30 ದಿನ ಎಡೆಬಿಡದೆ ದಿನವೂ ಸ್ಕ್ಯಾನ್ ಮಾಡಿದರು. ಆ ಅವಧಿಯಲ್ಲಿ ಮೂರು ಸಲ ಮೈಗ್ರೇನ್ ಬಂತು. 2016ರಲ್ಲಿ ಪ್ರಕಟವಾದ ಫಲಿತಾಂಶ: ನೋವು ಶುರುವಾಗುವ ಮುಂಚಿನ 24 ಗಂಟೆಗಳಲ್ಲೇ ಹೈಪೋಥಲಾಮಸ್‌ನ ಚಟುವಟಿಕೆ ಬದಲಾಗಿತ್ತು. ಒಬ್ಬರೇ ರೋಗಿ ಎಂಬ ಮಿತಿ ಇದೆ, ಒಪ್ಪೋಣ. ಆದರೂ ಹೈಪೋಥಲಾಮಸ್ ಎಂಬ ಹೆಸರು ಮುಖ್ಯ. ಮಿದುಳಿನ ಬುಡದಲ್ಲಿರುವ ಈ ಪುಟ್ಟ ಭಾಗವೇ ಹಸಿವು, ಬಾಯಾರಿಕೆ, ಮೈಶಾಖವನ್ನು ನೋಡಿಕೊಳ್ಳುವುದು. ನಿದ್ದೆ ಎಚ್ಚರಗಳ ಸರದಿಯನ್ನು ನಿಭಾಯಿಸುವ ದೇಹದ ಗಡಿಯಾರ ಕೂತಿರುವುದೂ ಇಲ್ಲೇ. ನೋವಿನ ಹಿಂದಿನ ದಿನ ಸಾಲುಸಾಲು ಆಕಳಿಕೆ, ಕಾರಣವಿಲ್ಲದ ಸಿಡುಕು, ಸಿಹಿ ತಿನ್ನಬೇಕೆಂಬ ಚಪಲ ಏಕೆಂದು ಇದರಿಂದ ಅರ್ಥವಾಗುತ್ತದೆ. ಚಾಕೊಲೇಟ್ ತಿಂದೇ ತಲೆನೋವು ಬಂತು ಎಂದು ತಮ್ಮನ್ನು ತಾವೇ ಬೈದುಕೊಳ್ಳುವವರಲ್ಲಿ ಎಷ್ಟೋ ಮಂದಿಗೆ ಮೈಗ್ರೇನ್ ಆಗಲೇ ಶುರುವಾಗಿರುತ್ತದೆ. ಚಾಕೊಲೇಟ್ ಬೇಕೆನಿಸಿದ್ದೇ ಅದರ ಮೊದಲ ಲಕ್ಷಣ.

ನಂಟು ವಂಶವಾಹಿಯ ಮಟ್ಟದಲ್ಲೂ ಇದೆ. ಸಂಜೆಯೇ ಕಣ್ಣೆಳೆದು, ನಡುರಾತ್ರಿ ಕಳೆಯುತ್ತಲೇ ಎಚ್ಚರವಾಗಿಬಿಡುವ ಅಪರೂಪದ ಕುಟುಂಬಗಳಿವೆ. ಅಂಥ ಎರಡು ಕುಟುಂಬಗಳಲ್ಲಿ ಮೈಗ್ರೇನೂ ಜೊತೆಗೇ ಇಳಿದುಬಂದಿತ್ತು. ಎರಡಕ್ಕೂ ಕಾರಣ ಒಂದೇ ಜೀನ್‌ನಲ್ಲಿನ ದೋಷ ಎಂದು 2013ರಲ್ಲಿ ತಿಳಿಯಿತು. ಅದು ದೇಹದ ಗಡಿಯಾರದ ವೇಗವನ್ನು ನಿರ್ಧರಿಸುವ ಕಿಣ್ವವೊಂದರ ಜೀನ್. ಎಲ್ಲರ ಮೈಗ್ರೇನಿಗೂ ಇದೇ ಕಾರಣವೆಂದಲ್ಲ. ಆದರೆ ಗಡಿಯಾರ ಕೆಟ್ಟರೆ ತಲೆಯೂ ನೋಯಬಹುದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಕಂಡಿಲ್ಲ.

ಕತ್ತಲೆ ಕೋಣೆಗೆ ಬರೋಣ. ಬೋಸ್ಟನ್‌ನ ರಾಮಿ ಬರ್ಸ್ಟೀನ್ ಅವರ ತಂಡ 2010ರಲ್ಲಿ ಮೈಗ್ರೇನ್ ಇರುವ 20 ಅಂಧರನ್ನು ಪರೀಕ್ಷಿಸಿತು. ಬೆಳಕಿನ ಸುಳಿವೇ ತಿಳಿಯದ ಆರು ಮಂದಿಗೆ ಬೆಳಕಿನಿಂದ ಏನೂ ತೊಂದರೆಯಿರಲಿಲ್ಲ. ಉಳಿದ ಹದಿನಾಲ್ಕು ಮಂದಿಗೆ ಆಕಾರಗಳು ಕಾಣುತ್ತಿರಲಿಲ್ಲ, ಆದರೆ ಬೆಳಕಿದೆ ಎಂಬುದಷ್ಟು ಗೊತ್ತಾಗುತ್ತಿತ್ತು. ಅವರಿಗೆ ಬೆಳಕು ಬಿದ್ದೊಡನೆ ನೋವು ಏರುತ್ತಿತ್ತು. ನೋಡಲು ಬಾರದ ಕಣ್ಣಿಗೂ ಬೆಳಕು ನೋವಾಗುವುದು ಹೇಗೆ? ರೆಟಿನಾದಲ್ಲಿ ಮೆಲನಾಪ್ಸಿನ್ ಎಂಬ ವರ್ಣದ್ರವ್ಯವಿರುವ ಕೆಲವು ಜೀವಕೋಶಗಳಿವೆ. ಇವುಗಳ ಮುಖ್ಯ ಕೆಲಸ ಚಿತ್ರ ಕಾಣಿಸುವುದಲ್ಲ, ಹಗಲೋ ಇರುಳೋ ಎಂದು ದೇಹದ ಗಡಿಯಾರಕ್ಕೆ ತಿಳಿಸುವುದು. ಅವುಗಳದೇ ಎಳೆಗಳು ಮಿದುಳಿನೊಳಗೆ ನೋವು ಹಾದುಹೋಗುವ ಜಾಗಕ್ಕೂ ಚಾಚಿಕೊಂಡಿವೆ. ಮೈಗ್ರೇನ್ ಇರುವವರು ತಪ್ಪಿಸಿಕೊಳ್ಳಲು ನೋಡುವ ಬೆಳಕು ಮತ್ತು ನಿದ್ದೆಗೆ ಬೇಕಾದ ಬೆಳಕು ಎರಡೂ ಕಣ್ಣಿನೊಳಗೆ ಹೋಗುವುದು ಒಂದೇ ಬಾಗಿಲಿಂದ.

ಹಾಗಾಗಿ ವಾರಕ್ಕೆ ಮೂರು ದಿನ ಪರದೆ ಎಳೆದುಕೊಂಡು ಮಲಗುವವರ ಗಡಿಯಾರಕ್ಕೆ ಹಗಲು ಯಾವಾಗ ಶುರುವಾಯಿತೆಂದೇ ಗೊತ್ತಾಗದು. ಮನೆಯೊಳಗೂ ಕಪ್ಪು ಕನ್ನಡಕ ಹಾಕಿಕೊಂಡೇ ಇದ್ದರೆ ಕಣ್ಣು ಕತ್ತಲೆಗೆ ಒಗ್ಗಿ ಸಾಮಾನ್ಯ ಬೆಳಕೂ ಚುಚ್ಚತೊಡಗುತ್ತದೆ. ಇನ್ನು ನಿದ್ದೆಯ ಒತ್ತಡ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಕೂಡುತ್ತಾ ನಿದ್ದೆಯ ಹಸಿವು ಏರುತ್ತದೆ. ಸಂಜೆ ಹೊಟ್ಟೆ ತುಂಬ ಬಜ್ಜಿ ಬೋಂಡ ತಿಂದವರಿಗೆ ರಾತ್ರಿಯ ಊಟ ಸೇರದ ಹಾಗೆ, ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡಿದವರಿಗೆ ರಾತ್ರಿಯ ನಿದ್ದೆ ಒಲ್ಲದಾಗುತ್ತದೆ.

ಇದರ ಮೇಲೆ ಗುಳಿಗೆಯ ಕಾಟ. ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಚೀಟಿಯಿಲ್ಲದೆ ಸಿಗುವ ಕೆಲವು ತಲೆನೋವಿನ ಮಾತ್ರೆಗಳಲ್ಲಿ ನೋವುನಿವಾರಕದ ಜೊತೆಗೆ ಕೆಫೀನೂ ಇರುತ್ತದೆ. ಕೆಫೀನು ನೋವಿನ ಮದ್ದಿಗೆ ಬಲ ಕೊಡುವುದು ನಿಜ. ಆದರೆ ಅದು ಕೆಲಸ ಮಾಡುವುದೇ ಅಡೆನೋಸಿನ್ನನ್ನು ಅಡ್ಡಗಟ್ಟಿ. ದೇಹದಲ್ಲಿ ಅದರ ಅರ್ಧದಷ್ಟು ಕರಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೊಂದು ಮಾತ್ರೆ, ಜೊತೆಗೊಂದು ಲೋಟ ಸ್ಟ್ರಾಂಗ್ ಫಿಲ್ಟರ್ ಕಾಫಿ ಎಂದರೆ ಹನ್ನೊಂದಕ್ಕೆ ಮಲಗುವಾಗಲೂ ಅರ್ಧ ಪಾಲು ಒಳಗೇ ಇರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಸಾದಾ ಮಾತ್ರೆಗಳನ್ನು ತಿಂಗಳಿಗೆ 15 ದಿನ, ಮೈಗ್ರೇನಿಗೆಂದೇ ಇರುವ ಟ್ರಿಪ್ಟಾನ್ ಅಥವಾ ಮಿಶ್ರಣದ ಮಾತ್ರೆಗಳನ್ನು 10 ದಿನ ಮೀರಿ ಮೂರು ತಿಂಗಳಿಗಿಂತ ಹೆಚ್ಚು ಕಾಲ ನುಂಗುತ್ತಾ ಬಂದರೆ ಮಾತ್ರೆಯೇ ತಲೆನೋವು ತರುತ್ತದೆ. ಬೆಳಗ್ಗೆ ಏಳುವಾಗಲೇ ತಲೆ ಭಾರ, ಮಾತ್ರೆಯಿಲ್ಲದೆ ದಿನ ಸಾಗದು. ಇದು ಚಟವೂ ಅಲ್ಲ, ದುರ್ಬಲ ಮನಸ್ಸೂ ಅಲ್ಲ; ಹೆಸರಿರುವ, ವಾಸಿಯಾಗುವ ಕಾಯಿಲೆ. ಬಿಡುವಾಗ ಮೊದಲ ಕೆಲವು ದಿನ ನೋವು ಹೆಚ್ಚುವುದರಿಂದ ವೈದ್ಯರ ನೆರವಿನಲ್ಲೇ ಬಿಡಬೇಕು.

ಹಾಗಾದರೆ ನಿದ್ದೆಯನ್ನು ಸರಿಪಡಿಸಿದರೆ ತಲೆನೋವು ಇಳಿಯುತ್ತದೆಯೇ? ಅಮೆರಿಕದ ಆನ್ ಕ್ಯಾಲ್‌ಹೂನ್ ಮತ್ತು ಸುತಪಾ ಫೋರ್ಡ್ ಇದನ್ನೇ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ತಿಂಗಳಲ್ಲಿ ಹದಿನೈದಕ್ಕಿಂತ ಹೆಚ್ಚು ದಿನ ತಲೆನೋವಿದ್ದ 43 ಹೆಂಗಸರು. ಎಲ್ಲರಿಗೂ ಮಾಮೂಲಿ ಚಿಕಿತ್ಸೆ. ಅರ್ಧ ಮಂದಿಗೆ ಮಾತ್ರ ನಿದ್ದೆಯ ಐದು ಪಾಠ: ಎಂಟು ಗಂಟೆ ಸಿಗುವಂತೆ ದಿನವೂ ಒಂದೇ ಹೊತ್ತಿಗೆ ಮಲಗುವುದು. ಹಾಸಿಗೆಯಲ್ಲಿ ಟಿವಿ, ಓದು, ಸಂಗೀತ ಬೇಡ. ನಿದ್ದೆ ಹತ್ತಲು ಮನಸ್ಸಿನಲ್ಲೇ ದೃಶ್ಯ ಕಲ್ಪಿಸಿಕೊಳ್ಳುವುದು. ರಾತ್ರಿಯೂಟ ಮಲಗುವ ನಾಲ್ಕು ಗಂಟೆ ಮುಂಚೆ, ಮಲಗುವ ಮುನ್ನಿನ ಎರಡು ಗಂಟೆ ನೀರೂ ಕಡಿಮೆ. ಹಗಲು ನಿದ್ದೆ ಬಂದ್. ಉಳಿದವರಿಗೆ ಕೇಳಲು ಇದೇ ಥರ ತೋರುವ, ನಿದ್ದೆಗೆ ಸಂಬಂಧವಿಲ್ಲದ ಸೂಚನೆಗಳು. ಮೊದಲ ಮರುಭೇಟಿಯ ಹೊತ್ತಿಗೆ ನಿದ್ದೆಯ ಪಾಠ ಕಲಿತವರಲ್ಲಿ ಸುಮಾರು ಮೂರನೇ ಒಂದು ಭಾಗದವರ ಕಾಯಿಲೆ ದೀರ್ಘಕಾಲಿಕ ಮಟ್ಟದಿಂದ ಬಿಟ್ಟು ಬಿಟ್ಟು ಬರುವ ಮೈಗ್ರೇನಿಗೆ ಇಳಿದಿತ್ತು. ಇನ್ನೊಂದು ಗುಂಪಿನಲ್ಲಿ ಒಬ್ಬರೂ ಇಲ್ಲ. ಸಣ್ಣ ಅಧ್ಯಯನ, ನಿಜ. ಆದರೆ ಐದು ಸಾಲಿನ ಚೀಟಿಯಿಂದ ಇಷ್ಟಾಗುತ್ತದೆ ಎಂದರೆ, ತಲೆನೋವಿಗೆಂದು ಬಂದವರನ್ನು ನಿದ್ದೆಯ ಬಗ್ಗೆ ಕೇಳದೆ ಕಳಿಸುವುದು ತಪ್ಪೆಂದೇ ನನಗೆ ಅನಿಸುತ್ತದೆ.

ನಿದ್ರಾಹೀನತೆಗೆ ಗುಳಿಗೆಗಿಂತ ಮೊದಲು ಕೊಡಬೇಕಾದ್ದು ಸಿಬಿಟಿ-ಐ ಎಂಬ ವರ್ತನಾ ಚಿಕಿತ್ಸೆ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಎಂಬ ವೈದ್ಯರ ಸಂಘಟನೆ 2016ರಲ್ಲಿ ಹೇಳಿತು. ಅದರ ಒಂದು ಮುಖ್ಯ ಅಂಗ ಹಾಸಿಗೆಯಲ್ಲಿರುವ ಹೊತ್ತನ್ನು ಬಿಗಿಯಾಗಿ ಕಡಿಮೆ ಮಾಡುವುದು. ಮೈಗ್ರೇನ್ ಇರುವವರು ಇಲ್ಲಿ ಜಾಗರೂಕರಾಗಿರಬೇಕು. ಒಮ್ಮೆಗೇ ನಿದ್ದೆ ಕತ್ತರಿಸಿದರೆ ಅದೇ ನೋವಿಗೆ ಕಿಡಿಯಾದೀತು. ಕ್ಯಾಲ್‌ಹೂನ್ ಅವರು ಎಂಟು ಗಂಟೆಯನ್ನು ಕಾಯ್ದುಕೊಂಡು ಹೊತ್ತನ್ನಷ್ಟೇ ಕಟ್ಟುನಿಟ್ಟು ಮಾಡಿದ್ದನ್ನು ನೆನಪಿಡಿ. ನಿದ್ದೆ ಹೆಚ್ಚಾದರೂ ಕಷ್ಟವೇ. ಭಾನುವಾರ ಒಂಬತ್ತರವರೆಗೆ ಮಲಗಿ ಎದ್ದವರಿಗೆ ಬೆಳಗಿನ ಕಾಫಿಯೂ ತಡ, ತಿಂಡಿಯೂ ತಡ. ಮೂರೂ ಸೇರಿ ರಜೆಯ ದಿನವೇ ತಲೆ ಸಿಡಿಯುತ್ತದೆ. ಈ ಕಾಯಿಲೆಗೆ ಬದಲಾವಣೆಯೇ ಆಗದು. ಉಪವಾಸ, ಬಿಸಿಲು, ರಾತ್ರಿ ಬಸ್ಸಿನ ಪ್ರಯಾಣ ಎಲ್ಲವೂ ಅದೇ ಪಟ್ಟಿಯವು. ನಮ್ಮ ಹೆಂಗಸರು ಹೇಳುವ ತಲೆಸ್ನಾನದ ತಲೆನೋವೂ ಭ್ರಮೆಯಲ್ಲ: ಮುಂಬೈನ ನರರೋಗ ತಜ್ಞ ಕೆ. ರವಿಶಂಕರ್ ಅಂಥ 94 ಮಂದಿಯ ವಿವರವನ್ನು 2006ರಲ್ಲೇ ದಾಖಲಿಸಿದ್ದಾರೆ.

ಮದ್ದು ಆರಿಸುವಾಗ ರಾತ್ರಿಯ ಕಷ್ಟವನ್ನೂ ವೈದ್ಯರಿಗೆ ಹೇಳಿದರೆ ಲಾಭವಿದೆ. ಮೈಗ್ರೇನ್ ತಡೆಯಲು ಕೊಡುವ ಅಮಿಟ್ರಿಪ್ಟಿಲಿನ್ ಸಣ್ಣ ಪ್ರಮಾಣದಲ್ಲಿ ರಾತ್ರಿ ತೆಗೆದುಕೊಂಡರೆ ನಿದ್ದೆಗೂ ಒದಗುತ್ತದೆ, ಬಾಯಿ ಒಣಗುವುದು, ತೂಕ ಏರುವುದು ಅದರ ಸುಂಕ. ಪ್ರೊಪ್ರನೊಲಾಲ್ ಕೆಲವರಲ್ಲಿ ನಿದ್ದೆ ಕೆಡಿಸಿ ಕೆಟ್ಟ ಕನಸು ತರುತ್ತದೆ. ಬ್ರೆಜಿಲ್‌ನಲ್ಲಿ ನಡೆದ ಪರೀಕ್ಷೆಯೊಂದರಲ್ಲಿ 3 ಮಿಲಿಗ್ರಾಂ ಮೆಲಟೋನಿನ್ ಅಮಿಟ್ರಿಪ್ಟಿಲಿನ್‌ನಷ್ಟೇ ಕೆಲಸ ಮಾಡಿತು. ನಾರ್ವೆಯಲ್ಲಿ ಬೇರೆ ರೂಪದ 2 ಮಿಲಿಗ್ರಾಂ ಕೊಟ್ಟಾಗ ಹುಸಿ ಮಾತ್ರೆಗಿಂತ ಹೆಚ್ಚೇನೂ ಆಗಲಿಲ್ಲ. ಅಲ್ಪ್ರಜೋಲಾಮ್‌ನಂಥ ನಿದ್ದೆಗುಳಿಗೆಯನ್ನು ಪಕ್ಕದ ಮನೆಯವರ ಡಬ್ಬಿಯಿಂದ ಕೇಳಿ ಪಡೆಯುವುದಂತೂ ಬೇಡವೇ ಬೇಡ. ಅಭ್ಯಾಸವಾದರೆ ಬಿಡುವುದು ಕಡುಕಷ್ಟ. ಗೊರಕೆ ಜೋರಾಗಿದ್ದು ಬೆಳಗ್ಗೆ ತಲೆ ನೋಯುವವರು ಉಸಿರುಗಟ್ಟುವ ನಿದ್ರಾದೋಷವಿದೆಯೇ ಎಂದು ನೋಡಿಸಬೇಕು. ಮಲಗಿದೊಡನೆ ಕಾಲು ಆಡಿಸುತ್ತಲೇ ಇರಬೇಕು ಅನಿಸುವವರು ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ರಕ್ತ ಪರೀಕ್ಷೆ ಮಾಡಿಸಬೇಕು. ಸಿಡಿಲೆರಗಿದಂತೆ ಥಟ್ಟನೆ ಬಂದ ನೋವು, ಜ್ವರದೊಂದಿಗೆ ಕುತ್ತಿಗೆ ಬಿಗಿತ, ಕೈಕಾಲಿನ ಬಲಹೀನತೆ, ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಶುರುವಾದ ತಲೆನೋವು, ಇವನ್ನು ಮೈಗ್ರೇನ್ ಎಂದು ತಾವೇ ತೀರ್ಮಾನಿಸಿ ಕೂರಬಾರದು.

ಉಳಿದದ್ದು ಮಧ್ಯಾಹ್ನ ಮೂರು ಗಂಟೆಯ ಪ್ರಶ್ನೆ. ನೋವು ಏರತೊಡಗಿದ ಮೊದಲ ಗಂಟೆಯೊಳಗೇ ವೈದ್ಯರು ಬರೆದುಕೊಟ್ಟ ಮಾತ್ರೆ ನುಂಗಿದರೆ ಮಲಗುವ ಅಗತ್ಯವೇ ಎಷ್ಟೋ ಸಲ ಬಾರದು. ತಡವಾದರೆ ಜಠರದ ಚಲನೆ ಮಂದವಾಗಿ ನುಂಗಿದ್ದು ರಕ್ತಕ್ಕೆ ಸೇರುವುದೇ ನಿಧಾನ. ವಾಂತಿ ತಡೆಯುವ ಮಾತ್ರೆಯನ್ನೂ ಜೊತೆಗೆ ಕೊಡುವುದು ಅದಕ್ಕೇ. ಮಲಗಲೇಬೇಕಾಗಿ ಬಂದರೆ ಮಲಗಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಸಾಧ್ಯವಾದರೆ ರಾತ್ರಿಯ ಹಾಸಿಗೆಯಲ್ಲಲ್ಲ, ದಿವಾನದ ಮೇಲೋ ನಡುಮನೆಯ ಚಾಪೆಯ ಮೇಲೋ. ನೋವು ಇಳಿದ ಕೂಡಲೇ ಪರದೆ ಸರಿಸಿ ಎದ್ದುಬಿಡಿ. ರಾತ್ರಿ ನಿದ್ದೆ ತಡವಾದರೆ ಆಗಲಿ, ಮರುದಿನ ಏಳುವ ಹೊತ್ತು ಮಾತ್ರ ಬದಲಾಗದಿರಲಿ. ಎದ್ದೊಡನೆ ಅರ್ಧ ಗಂಟೆ ಅಂಗಳದಲ್ಲೋ ತಾರಸಿಯ ಮೇಲೋ ಎಳೆ ಬೆಳಕಿನಲ್ಲಿರಿ. ಕಣ್ಣಿಗೆ ಚುಚ್ಚಿದರೆ ಅಂಚಿರುವ ಟೋಪಿಯೋ ತಲೆಯ ಮೇಲೆ ಸೆರಗೋ ಸಾಕು, ಆ ಹೊತ್ತಿಗೆ ಕಪ್ಪು ಕನ್ನಡಕ ಬೇಡ.