ರೈಟ್ ಆಫ್ ಅಂದರೆ ಮಾಫ್ ಅಲ್ಲ

ಬ್ಯಾಂಕುಗಳು ಕೋಟಿಗಟ್ಟಲೆ ಸಾಲವನ್ನು ರೈಟ್ ಆಫ್ ಮಾಡಿದ ಸುದ್ದಿ ಬಂದಾಗಲೆಲ್ಲ "ದೊಡ್ಡವರ ಸಾಲ ಮನ್ನಾ ಆಯ್ತು" ಎಂದು ಜನ ಬೈಯುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲೂ ಅದಕ್ಕೆ "ಮಾಫ್" ಎಂದೇ ಹೇಳುತ್ತಾರೆ. ಕಾಮರ್ಸ್ ಓದುವ ನಾವಾದರೂ ಈ ಎರಡನ್ನು ಬೇರೆ ಮಾಡಿ ನೋಡಬೇಕು.

ಸಾಲ ಮನ್ನಾ ಆದರೆ ಸಾಲಗಾರ ಏನೂ ಕೊಡಬೇಕಾಗಿಲ್ಲ. ರೈಟ್ ಆಫ್ ಹಾಗಲ್ಲ. ಈ ಹಣ ಬರುವ ಭರವಸೆ ಇಲ್ಲವೆಂದು ಅದನ್ನು ಆಸ್ತಿಯ ಪಟ್ಟಿಯಿಂದ ತೆಗೆದು ನಷ್ಟದಲ್ಲಿ ತೋರಿಸುವುದು, ಅಷ್ಟೇ. ಸಾಲಗಾರನ ಹೊಣೆ ಹಾಗೇ ಇರುತ್ತದೆ, ಬ್ಯಾಂಕು ವಸೂಲಿಗೆ ಕೋರ್ಟಿಗೂ ಹೋಗಬಹುದು. ಇದಕ್ಕೆ ಸರಿಯಾದ ಮಾತು ಅಂಗಡಿಯವರ ಬಾಯಲ್ಲಿದೆ: "ಪೈಸಾ ಡೂಬ್ ಗಯಾ", ದುಡ್ಡು ಮುಳುಗಿತು. ಹಾಗೆಂದವರು ಸಾಲಗಾರನನ್ನು ಮಾಫ್ ಮಾಡಿರುವುದಿಲ್ಲ!

ಆಡುಮಾತಿನ ಇಂಗ್ಲಿಷಿನಲ್ಲಿ ಇದನ್ನು ಮನುಷ್ಯರಿಗೂ ಬಳಸುತ್ತಾರೆ. "ಡೋಂಟ್ ರೈಟ್ ಹಿಮ್ ಆಫ್" ಎಂದರೆ ಅವನ ಕಥೆ ಮುಗಿಯಿತು ಎಂದು ಈಗಲೇ ತೀರ್ಮಾನಿಸಬೇಡಿ ಎಂದರ್ಥ. ಕ್ರಿಕೆಟ್ ಕಾಮೆಂಟರಿಯಲ್ಲಿ ಇದನ್ನು ಕೇಳದವರಿಲ್ಲ. 1983ರ ವಿಶ್ವಕಪ್‌ನಲ್ಲಿ ಜಿಂಬಾಬ್ವೆ ಎದುರು ಭಾರತ 17 ರನ್‌ಗೆ 5 ವಿಕೆಟ್ ಕಳೆದುಕೊಂಡಿತ್ತು. ಯಾರಾದರೂ ರೈಟ್ ಆಫ್ ಮಾಡುವ ಸ್ಥಿತಿ. ಕಪಿಲ್ ದೇವ್ ಔಟಾಗದೆ 175 ಹೊಡೆದರು, ಕೊನೆಗೆ ಕಪ್ಪೂ ನಮಗೇ ಬಂತು.

ರೈಟ್ ಆಫ್ ಆದ ಸಾಲ ಮುಂದೆ ವಾಪಸ್ ಬಂದರೆ ಏನು ಮಾಡಬೇಕೆಂದು ಅಕೌಂಟೆನ್ಸಿಯಲ್ಲಿ ಓದಿದ್ದೇವೆ. ಅದನ್ನು ಕೊಟ್ಟವನ ಖಾತೆಗೆ ಜಮಾ ಮಾಡುವುದಿಲ್ಲ. "ಬ್ಯಾಡ್ ಡೆಟ್ಸ್ ರಿಕವರ್ಡ್" ಎಂಬ ಖಾತೆಗೆ ಜಮಾ ಮಾಡುತ್ತೇವೆ, ಅದು ನಮ್ಮ ಲಾಭ. ಲೆಕ್ಕದಲ್ಲಿ ಇದು ಸರಿ. ಆದರೆ ಪಿಯುಸಿಯಲ್ಲಿ ಫೇಲಾದ ಹುಡುಗ ಅಥವಾ ಹುಡುಗಿಯ ವಿಷಯದಲ್ಲೂ ಕೆಲವು ನೆಂಟರು ಇದೇ ಎಂಟ್ರಿ ಹಾಕುತ್ತಾರೆ. ಮೊದಲು "ಇನ್ನೇನು, ಓದು ಮುಗೀತು, ಕೆಲಸಕ್ಕೆ ಹಾಕಿ", "ಮದುವೆ ಮಾಡಿ" ಎನ್ನುತ್ತಾರೆ. ಪರೀಕ್ಷೆ-2ರಲ್ಲಿ ಪಾಸಾದರೆ "ಪೇಪರ್ ಸುಲಭ ಇತ್ತಂತೆ" ಎನ್ನುತ್ತಾರೆ. ರಾತ್ರಿಯೆಲ್ಲ ಕೂತು ಓದಿದವರ ಹೆಸರಿಗೆ ಒಂದು ರೂಪಾಯಿಯೂ ಜಮಾ ಆಗುವುದಿಲ್ಲ.

ಇನ್ನು ವ್ಯಾಕರಣ. ನಾಮಪದ ಎರಡೂ ಕಡೆ ಬರಬಹುದು: "ರೈಟ್ ಆಫ್ ದ ಲೋನ್", "ರೈಟ್ ದ ಲೋನ್ ಆಫ್". ಸರ್ವನಾಮ ಮಾತ್ರ ನಡುವೆಯೇ ಬರಬೇಕು. "ರೈಟ್ ಇಟ್ ಆಫ್" ಸರಿ, "ರೈಟ್ ಆಫ್ ಇಟ್" ತಪ್ಪು. ಭೂತಕಾಲದಲ್ಲಿ "ರೋಟ್ ಆಫ್". ನಮ್ಮ ಲೆಕ್ಕಗಳಲ್ಲಿ ಹೆಚ್ಚಾಗಿ ಸಿಗುವುದು "ರಿಟನ್ ಆಫ್".