ಗ್ರಾಮೀಣ ಕ್ರೀಡಾಪಟುಗಳಲ್ಲಿ ಸ್ನಾಯುಬಲದ ಅಸಮತೋಲ: ಅದರ ಪರೀಕ್ಷೆ ಹಾಗೂ ಪರಿಹಾರ

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಭೂಮಿಯಲ್ಲಾಗಲಿ, ಕಲಘಟಗಿಯ ಅರೆಮಲೆನಾಡಿನ ಸೆರಗಿನಲ್ಲಾಗಲಿ, ಕಣಕ್ಕಿಳಿಯುವ ತರುಣನು ಅನೇಕ ವೇಳೆ ದುಡಿಮೆಗಾರನೂ ಆಗಿರುತ್ತಾನೆ. ಹಗಲು ಹೊಲದ ಕೆಲಸ ಇಲ್ಲವೆ ಚೀಲ ಹೊರುವ ಕೂಲಿ. ಸಂಜೆ ಕುಸ್ತಿಯ ಮಟ್ಟಿ ಇಲ್ಲವೆ ಕಬಡ್ಡಿಯ ಅಂಗಳ. ಇಂತಹವನಲ್ಲಿ ಬಲದ ಕೊರತೆ ಕಾಣುವುದಿಲ್ಲ. ಆದರೂ ತೊಡೆಯ ಹಿಂಬದಿ ಹಿಡಿದುಕೊಂಡಿತೆಂದೋ ಭುಜ ನೋಯುತ್ತದೆಂದೋ ಆತನು ಕುಳಿತನಾದರೆ, ಆಟದೊಡನೆ ಸುಗ್ಗಿಯ ಕೂಲಿಯೂ ತಪ್ಪುತ್ತದೆ. ಬಲಿಷ್ಠನಿಗೂ ಇಂತಹ ಬಾಧೆ ಒದಗುವುದಕ್ಕಿರುವ ಕಾರಣಗಳಲ್ಲಿ ಒಂದಾದ ಸ್ನಾಯುಬಲದ ಅಸಮತೋಲವನ್ನು ಇಲ್ಲಿ ವಿವೇಚಿಸಲಾಗಿದೆ.

ಅಸಮತೋಲದ ಸ್ವರೂಪ

ದೇಹದ ಸ್ನಾಯುಗಳು ಜೋಡಿಯಾಗಿ ಕೆಲಸ ಮಾಡುತ್ತವೆ. ತೊಡೆಯ ಮುಂಬದಿಯ ಸ್ನಾಯುಗಳು ಮೊಣಕಾಲನ್ನು ನೀಡಿದರೆ ಹಿಂಬದಿಯವು ಮಡಿಸುತ್ತವೆ. ಎದೆಯ ಸ್ನಾಯುಗಳು ತೋಳನ್ನು ಮುಂದಕ್ಕೆ ತಂದರೆ ಬೆನ್ನಿನವು ಹಿಂದಕ್ಕೆಳೆಯುತ್ತವೆ. ಓಡುವಾತನ ಕಾಲು ರಭಸದಿಂದ ಮುಂದೆ ಚಾಚಿದಾಗ ಅದನ್ನು ತಡೆದು ಹಿಡಿಯುವ ಹೊಣೆ ಹಿಂಬದಿಯ ಸ್ನಾಯುವಿನದು. ದೂಡುವ ಬಲ ಬೆಳೆದು ತಡೆಯುವ ಬಲ ಬೆಳೆಯದಿದ್ದರೆ ಎಳೆ ಹರಿಯುವ ಸಂಭವ ಹೆಚ್ಚು.

ಸ್ನಾಯು ತಾನು ದುಡಿದ ದಿಕ್ಕಿನಲ್ಲಿಯೇ ಬಲಿಯುತ್ತದೆ. ಗರಡಿಯ ದಂಡವು ಮುಖ್ಯವಾಗಿ ಎದೆ, ಭುಜದ ಮುಂಭಾಗ ಹಾಗೂ ತೋಳಿನ ಹಿಂಭಾಗವನ್ನು ಬಲಪಡಿಸುತ್ತದೆ. ಬೈಠಕು ತೊಡೆಯ ಮುಂಭಾಗವನ್ನು ಬಲಪಡಿಸುತ್ತದೆ. ಇವೆರಡನ್ನೇ ನೂರಾರು ಸಲ ಮಾಡಿ ಎಳೆಯುವ ಸಾಧನೆಯನ್ನು ಬಿಟ್ಟರೆ ದೇಹದ ಹಿಂಬದಿ ಹಿಂದುಳಿಯುತ್ತದೆ. ಚೀಲವನ್ನು ಯಾವಾಗಲೂ ಒಂದೇ ಹೆಗಲಿಗೇರಿಸುವವನಲ್ಲಿಯೂ, ಕಬಡ್ಡಿಯಲ್ಲಿ ಸದಾ ಒಂದೇ ಕಾಲನ್ನು ಒತ್ತಿ ಜಿಗಿಯುವವನಲ್ಲಿಯೂ ಎಡಬಲಗಳ ಭೇದ ಬೆಳೆಯಬಹುದು.

ಜೆಕ್ ದೇಶದ ವೈದ್ಯ ವ್ಲಾದಿಮಿರ್ ಯಾಂಡಾ (೧೯೨೮–೨೦೦೨) ಇಂತಹ ಅಸಮತೋಲಗಳಿಗೆ ನಿಯತವಾದ ಮಾದರಿಗಳುಂಟೆಂದು ತೋರಿಸಲೆತ್ನಿಸಿದನು: ಕೆಲವು ಸ್ನಾಯುಗಳು ಬಿಗಿಯುವತ್ತಲೂ ಮತ್ತೆ ಕೆಲವು ಸಡಿಲುವತ್ತಲೂ ವಾಲುತ್ತವೆಂಬುದು ಆತನ ಮತ. ಈ ವಿಚಾರವು ಉಪಯುಕ್ತವಾದರೂ, ಬಾಗಿದ ಭುಜವನ್ನು ಕಂಡ ಮಾತ್ರಕ್ಕೆ ರೋಗವೆಂದು ನಿರ್ಣಯಿಸಲಾಗದು. ನಿಲುವಿಗೂ ನೋವಿಗೂ ಇರುವ ಸಂಬಂಧ ಅಷ್ಟು ನೇರವಾದುದಲ್ಲ. ಆದುದರಿಂದ ಕಣ್ಣಂದಾಜಿಗಿಂತ ಅಳತೆಯೇ ಲೇಸು.

ಪರೀಕ್ಷಿಸುವ ಬಗೆ

ಪ್ರಯೋಗಶಾಲೆಯ ಯಂತ್ರಗಳಿಲ್ಲದೆಯೂ ಒಂದು ಅಳತೆಪಟ್ಟಿ, ಒಂದು ಕಟ್ಟೆ, ಒಂದು ಅಡ್ಡಗಳು ಇದ್ದರೆ ಪರೀಕ್ಷೆ ಸಾಧ್ಯ. ದುಡಿದು ದಣಿದ ಸಂಜೆ ಇದನ್ನು ಮಾಡಬಾರದು. ವಿಶ್ರಾಂತಿಯ ದಿನ, ಮೈ ಬೆಚ್ಚಗಾದ ಮೇಲೆ ಮಾಡಬೇಕು.

ಮೊದಲನೆಯದು, ಒಂದೇ ಕಾಲಿನ ಮೇಲೆ ಅರ್ಧ ಕುಳಿತು ಏಳುವುದು. ಮೊಣಕಾಲು ಒಳಗೆ ವಾಲುವುದೇ, ಸೊಂಟ ಒಂದು ಬದಿಗೆ ಇಳಿಯುವುದೇ ಎಂಬುದನ್ನು ಎದುರಿನಿಂದ ನೋಡಬೇಕು. ಎರಡನೆಯದು, ಒಂದೇ ಕಾಲಿನಿಂದ ಸತತವಾಗಿ ಮೂರು ಕುಪ್ಪಳಿಕೆ. ಒಟ್ಟು ದೂರವನ್ನು ಅಳೆದು, ಕಡಿಮೆಯದನ್ನು ಹೆಚ್ಚಿನದರಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಬಲಗಾಲಿಗೆ ೪೮೦ ಸೆಂಟಿಮೀಟರು, ಎಡಗಾಲಿಗೆ ೪೨೦ ಸೆಂಟಿಮೀಟರು ಬಂದಿತೆನ್ನೋಣ, ಫಲ ೮೭.೫. ಸಾಮಾನ್ಯವಾಗಿ ೯೦ಕ್ಕಿಂತ ಕಡಿಮೆಯಾದರೆ ಗಮನಿಸಬೇಕೆಂಬುದು ರೂಢಿ. ಮೂರನೆಯದು, ಅಂಗಾತ ಮಲಗಿ ಒಂದು ಹಿಮ್ಮಡಿಯನ್ನು ಕಟ್ಟೆಯ ಮೇಲಿರಿಸಿ ಸೊಂಟವನ್ನು ಎತ್ತಿ ಇಳಿಸುವುದು. ಪ್ರತಿ ಕಾಲಿನಿಂದ ಎಷ್ಟು ಸಲ ಸಾಧ್ಯವೆಂಬುದನ್ನು ಎಣಿಸಿದರೆ ತೊಡೆಯ ಹಿಂಬದಿಯ ಶಕ್ತಿ ತಿಳಿಯುತ್ತದೆ. ನಾಲ್ಕನೆಯದು, ದಂಡಗಳ ಸಂಖ್ಯೆಯೊಡನೆ, ಸೊಂಟದೆತ್ತರದ ಗಳುವನ್ನು ಹಿಡಿದು ಓರೆಯಾಗಿ ತೂಗಿ ಎದೆಯನ್ನು ಮೇಲಕ್ಕೆಳೆಯುವ ಸಂಖ್ಯೆಯನ್ನು ಹೋಲಿಸುವುದು. ದಂಡ ಐವತ್ತು ದಾಟಿ ಎಳೆತ ಹತ್ತಕ್ಕೆ ನಿಂತರೆ ಕೊರತೆ ಎಲ್ಲಿದೆಯೆಂಬುದು ತಾನೇ ತಿಳಿಯುತ್ತದೆ.

ಎಡಬಲಗಳ ಭೇದವೆಲ್ಲ ದೋಷವಲ್ಲ. ಬಲಗೈ ಬಳಸುವವನ ಬಲಗೈ ಹೆಚ್ಚು ಬಲಿಷ್ಠವಾಗಿರುವುದು ಸಹಜ. ಒಂದು ಪರೀಕ್ಷೆಯಿಂದ ಮುಂದಿನ ಗಾಯವನ್ನು ನುಡಿಯಲೂ ಆಗದು. ಅದನ್ನು ಎರಡು ದಿನ ಮಾಡಿ, ಎರಡು ಸಲವೂ ಅದೇ ಫಲ ಬಂದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಾವು, ಜೋಮು, ರಾತ್ರಿಯ ನೋವು, ಹಠಾತ್ತನೆ ಬಂದ ನಿಶ್ಶಕ್ತಿ ಇವು ವ್ಯಾಯಾಮದ ವಿಷಯಗಳಲ್ಲ. ಅಂತಹವನನ್ನು ವೈದ್ಯರಲ್ಲಿಗೆ ಕಳುಹಬೇಕು.

ತಿದ್ದುವ ಬಗೆ

ದುರ್ಬಲ ಬದಿಯಿಂದಲೇ ಸಾಧನೆಯನ್ನು ಆರಂಭಿಸಬೇಕು. ಅದು ಎಷ್ಟು ಸಲ ಮಾಡಬಲ್ಲುದೋ ಅಷ್ಟನ್ನೇ ಸಬಲ ಬದಿಗೂ ಕೊಡಬೇಕು. ದೂಡುವ ಪ್ರತಿಯೊಂದು ಸಾಧನೆಗೆ ಎಳೆಯುವ ಒಂದು ಸಾಧನೆ ಜೊತೆಯಾಗಬೇಕು: ದಂಡಕ್ಕೆ ಹಗ್ಗವೇರುವುದು ಅಥವಾ ಗಳುವಿನ ಎಳೆತ, ಬೈಠಕಿಗೆ ತೊಡೆಯ ಹಿಂಬದಿಯ ಸಾಧನೆ.

ಈ ಕೊನೆಯದಕ್ಕೆ ಸುಲಭವಾದ ಕ್ರಮವೊಂದುಂಟು. ಮಟ್ಟಿಯ ಮೆತ್ತನೆಯ ಮಣ್ಣಿನಲ್ಲಿ ಮೊಣಕಾಲೂರಿ ನಿಂತು, ಜೊತೆಗಾರನು ಹರಡುಗಳನ್ನು ಒತ್ತಿ ಹಿಡಿದಿರಲು, ಮೈಯನ್ನು ನೇರವಾಗಿಟ್ಟುಕೊಂಡು ಆದಷ್ಟು ನಿಧಾನವಾಗಿ ಮುಂದಕ್ಕೆ ಬಾಗಿ ಕೈಗಳ ಮೇಲೆ ಇಳಿಯಬೇಕು. ಡೆನ್ಮಾರ್ಕಿನಲ್ಲಿ ೯೪೨ ಫುಟ್‌ಬಾಲ್ ಆಟಗಾರರ ಮೇಲೆ ನಡೆದು ೨೦೧೧ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಸಾಧನೆ ಮಾಡಿದ ಗುಂಪಿನಲ್ಲಿ ತೊಡೆಯ ಹಿಂಬದಿಯ ಗಾಯಗಳು ೧೫, ಮಾಡದ ಗುಂಪಿನಲ್ಲಿ ೫೨. ಆ ಆಟಗಾರರಲ್ಲಿ ಹವ್ಯಾಸಿಗಳೂ ಇದ್ದರು. ಮೊದಲ ವಾರ ಒಂದೇ ದಿನ, ಐದರಂತೆ ಎರಡು ಸರದಿ ಸಾಕು. ಮುಂದೆ ಕ್ರಮೇಣ ವಾರಕ್ಕೆ ಮೂರು ದಿನಕ್ಕೇರಿಸಬಹುದು. ಆತುರಪಟ್ಟರೆ ತೊಡೆ ನೊಂದು ಸಾಧನೆಯೇ ನಿಲ್ಲುತ್ತದೆ.

ಆರೆಂಟು ವಾರಗಳ ತರುವಾಯ ಅದೇ ಪರೀಕ್ಷೆಗಳನ್ನು ಪುನಃ ಮಾಡಿ ಅಂಕಿಗಳನ್ನು ಹೋಲಿಸಬೇಕು. ಬಿತ್ತನೆ ಹಾಗೂ ಸುಗ್ಗಿಯ ದಿನಗಳಲ್ಲಿ ಹೊಲದ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿದು ಸಾಧನೆಯನ್ನು ಇಳಿಸಬೇಕು. ದೇಹಕ್ಕೆ ಎರಡೂ ಒಂದೇ ಭಾರ.

ಈ ತತ್ತ್ವ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ಮಲ್ಲರಿಗೆ ಭಾರವೆತ್ತುವುದು, ನಡಿಗೆ, ಈಜು, ತೋಳಿನ ಸಾಧನೆ, ಕಂಬದ ಸಾಧನೆ ಇವೆಲ್ಲವನ್ನೂ ಹೇಳುತ್ತದೆ. ಗರಡಿಯ ಮಲ್ಲಕಂಬ, ಹಗ್ಗ, ಗದೆಗಳು ಈ ವೈವಿಧ್ಯವನ್ನೇ ಉಳಿಸಿಕೊಂಡು ಬಂದ ಸಾಧನಗಳು. ದಂಡ ಬೈಠಕುಗಳನ್ನಷ್ಟೇ ಇಟ್ಟುಕೊಂಡು ಉಳಿದವನ್ನು ಮೂಲೆಗಿಟ್ಟ ಕಡೆ, ಅವನ್ನು ಮರಳಿ ಕೈಗೆತ್ತಿಕೊಳ್ಳುವುದೇ ಪರಿಹಾರದ ಮೊದಲ ಹೆಜ್ಜೆ. ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳು ಈ ನಾಲ್ಕು ಪರೀಕ್ಷೆಗಳನ್ನು ಕಲಿತು ತಮ್ಮೂರ ಗರಡಿಗೆ ಒಯ್ದರೆ, ಆಟದಷ್ಟೇ ದುಡಿಮೆಗೂ ಬೇಕಾದ ದೇಹಗಳು ಬಹುಕಾಲ ಬಾಳಿಯಾವು.