ಪ್ರೊಟೆಕ್ಟ್ ಎಂಬ ಪಟ್ಟಿನ ವಿಚಾರ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿರುವರು. ಅವರು ನಮ್ಮನ್ನು ಕಾಣಲು ಬಂದಾಗ ಹೇಳಿಕೊಳ್ಳುವ ದೂರುಗಳಲ್ಲಿ ವಿಡಿಯೋ ಗೇಮಿನ ದೂರು ಮೊದಲನೆಯದು. ಹೋದ ಬೇಸಗೆಯ ರಜೆಯಲ್ಲಿ ಅಂತಹ ಒಬ್ಬಾಕೆಯ ಮನೆಯಲ್ಲಿ ನಾವು ನಾಲ್ಕು ದಿನ ಉಳಿದುಕೊಂಡಿದ್ದೆವು. ಆಕೆಯ ಹನ್ನೊಂದು ವರ್ಷದ ಮಗಳು ಪೋಕೆಮಾನ್ ಎಂಬ ಆಟವನ್ನಾಡುತ್ತಿರುವಾಗ ತಾಯಿಯು ಬೆನ್ನ ಹಿಂದೆ ನಿಂತು, "ಎದುರಿನವನು ಹೊಡೆಯುತ್ತಾ ಇದ್ದಾನೆ, ನೀನು ಸುಮ್ಮನೆ ಕೂತಿದ್ದೀಯಲ್ಲೇ!" ಎಂದು ಗದರಿಸಿದಳು. ಹುಡುಗಿಯು ತಿರುಗಿ ನೋಡದೆ, "ಸುಮ್ಮನೆ ಕೂತಿಲ್ಲಮ್ಮ, ಪ್ರೊಟೆಕ್ಟ್ ಹಾಕಿದ್ದೇನೆ" ಎಂದಳು. ತಾಯಿಗೆ ಅದು ಅರ್ಥವಾಗಲಿಲ್ಲ. ನಿಜ ಹೇಳುವುದಾದರೆ ನಮಗೂ ಆಗಲಿಲ್ಲ. ಆ ನಾಲ್ಕು ದಿನಗಳಲ್ಲಿ ಮಗುವಿನಿಂದ ಕಲಿತುದನ್ನೂ ಅನಂತರ ವಿಚಾರಿಸಿ ತಿಳಿದುದನ್ನೂ ಇಲ್ಲಿ ಬರೆಯುತ್ತೇವೆ. ಆಟದ ಪರವಾಗಿ ವಾದಿಸುವುದು ನಮ್ಮ ಉದ್ದೇಶವಲ್ಲ. ಗದರಿಸುವುದಾದರೆ ತಿಳಿದು ಗದರಿಸಬೇಕೆಂಬುದಷ್ಟೇ.

ಪೋಕೆಮಾನ್ ಜಪಾನ್ ದೇಶದಲ್ಲಿ ಹುಟ್ಟಿದ ಆಟ. ಬಾಲ್ಯದಲ್ಲಿ ಹುಳಹುಪ್ಪಟೆಗಳನ್ನು ಹಿಡಿದು ಕೂಡಿಸುವುದರಲ್ಲಿ ಬಹು ಆಸಕ್ತಿಯಿದ್ದ ಸತೋಶಿ ತಜಿರಿ ಎಂಬವರು ಗೇಮ್ ಫ್ರೀಕ್ ಸಂಸ್ಥೆಯಲ್ಲಿ ಇದನ್ನು ರೂಪಿಸಿದರು. 1996ನೆಯ ಇಸವಿ ಫೆಬ್ರವರಿ 27ರಂದು ನಿಂಟೆಂಡೊ ಕಂಪೆನಿಯ ಗೇಮ್ ಬಾಯ್ ಎಂಬ ಕೈಯಂತ್ರಕ್ಕಾಗಿ ಕೆಂಪು, ಹಸಿರು ಎಂಬ ಎರಡು ಆವೃತ್ತಿಗಳು ಹೊರಟವು. ಆಟಗಾರನು ವಿಚಿತ್ರ ಜಂತುಗಳನ್ನು ಹಿಡಿದು, ಸಾಕಿ, ಪಳಗಿಸಿ, ಮತ್ತೊಬ್ಬನ ಜಂತುಗಳೊಡನೆ ಕದನಕ್ಕೆ ಬಿಡುವನು. ಈ ಕದನವು ಕೈಚಳಕದ್ದಲ್ಲ, ಸರದಿಯದು. ಪ್ರತಿಯೊಂದು ಜಂತುವೂ ನಾಲ್ಕೇ ಪಟ್ಟುಗಳನ್ನು ಬಲ್ಲುದು. ಒಂದೊಂದು ಸರದಿಯಲ್ಲಿ ಇಬ್ಬರೂ ಆಟಗಾರರು ಒಬ್ಬರಿಗೊಬ್ಬರು ಕಾಣದಂತೆ ತಮ್ಮ ಪಟ್ಟನ್ನು ಆರಿಸಿಕೊಳ್ಳುವರು. ಆಮೇಲೆ ಎರಡೂ ನಡೆಯುವುವು. ಎದುರಾಳಿ ಏನನ್ನು ಆರಿಸಿರಬಹುದೆಂದು ಊಹಿಸುವುದೇ ಈ ಆಟದ ಜೀವಾಳ. ಹೊಡೆತ ತಿಂದಂತೆ ಜಂತುವಿನ ಪ್ರಾಣಬಲ ಇಳಿಯುತ್ತ ಹೋಗಿ, ಮುಗಿದರೆ ಅದು ಮೂರ್ಛೆಹೋಗುವುದು.

ಪ್ರೊಟೆಕ್ಟ್ ಎಂಬ ಪಟ್ಟು ಮೊದಲ ಆಟಗಳಲ್ಲಿ ಇರಲಿಲ್ಲ. 1999ರಲ್ಲಿ ಜಪಾನಿನಲ್ಲಿ ಹೊರಟ ಚಿನ್ನ ಮತ್ತು ಬೆಳ್ಳಿಯ ಆವೃತ್ತಿಗಳಲ್ಲಿ ಅದು ಬಂದಿತು. ಜಪಾನೀ ಭಾಷೆಯಲ್ಲಿ ಅದರ ಹೆಸರು 'ಮಮೊರು', ಅಂದರೆ ಕಾಪಾಡುವುದು ಎಂಬ ಸಾದಾ ಕ್ರಿಯಾಪದ. ಈ ಪಟ್ಟನ್ನು ಹಾಕಿದ ಜಂತುವಿಗೆ ಆ ಒಂದು ಸರದಿಯಲ್ಲಿ ಎದುರಾಳಿಯ ಹೊಡೆತವು ತಗಲುವುದೇ ಇಲ್ಲ. ಹೊಡೆತ ಎಷ್ಟು ದೊಡ್ಡದು, ಹೊಡೆಯುವ ಜಂತು ಎಷ್ಟು ಬಲಿಷ್ಠ ಎಂಬ ಭೇದವಿಲ್ಲ. ಹೊಡೆತ ಬಿದ್ದ ಮೇಲೆ ಗುರಾಣಿ ಎತ್ತಿ ಪ್ರಯೋಜನವಿಲ್ಲವಷ್ಟೆ. ಆದಕಾರಣ ಎದುರಾಳಿಯ ಜಂತು ಎಷ್ಟೇ ವೇಗವುಳ್ಳದ್ದಾದರೂ ಪ್ರೊಟೆಕ್ಟ್ ಅದಕ್ಕಿಂತ ಮುಂಚೆ ನಡೆಯುವಂತೆ ನಿಯಮವನ್ನು ಏರ್ಪಡಿಸಿದ್ದಾರೆ.

ಇಷ್ಟನ್ನು ಕೇಳಿದೊಡನೆ ನಮಗೆ ತೋರಿದ ಪ್ರಶ್ನೆ ನಿಮಗೂ ತೋರದಿರದು. ಹಾಗಾದರೆ ಪ್ರತಿ ಸರದಿಯಲ್ಲಿಯೂ ಇದನ್ನೇ ಹಾಕುತ್ತ ಕುಳಿತರಾಗದೆ? ನಮ್ಮ ಚೌಕಾಬಾರದಲ್ಲಿ ಕಟ್ಟೆಯ ಮನೆಯಲ್ಲಿ ನಿಂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಬೇರೆ ಕಾಯಿಗಳನ್ನು ನಡೆಸುತ್ತ ಅದನ್ನು ಅಲ್ಲಿಯೇ ನಿಲ್ಲಿಸಿಕೊಳ್ಳಬಹುದು. ಪ್ರೊಟೆಕ್ಟಿನಲ್ಲಿ ಹಾಗಿಲ್ಲ. ಮೊದಲನೆಯ ಸಲ ಅದು ಫಲಿಸುವುದು ನಿಶ್ಚಯ. ಅದರ ಬೆನ್ನಿಗೇ ಮುಂದಿನ ಸರದಿಯಲ್ಲಿ ಮತ್ತೆ ಹಾಕಿದರೆ ಫಲಿಸುವ ಸಂಭವ ಮೂರರಲ್ಲಿ ಒಂದು. ಅದೂ ಫಲಿಸಿ ಮತ್ತೊಮ್ಮೆ ಹಾಕಿದರೆ ಒಂಬತ್ತರಲ್ಲಿ ಒಂದು. ಎಂದರೆ, ಸಾಲಾಗಿ ಮೂರು ಸಲ ಬಚಾವಾಗುವ ಸಂಭವ ಇಪ್ಪತ್ತೇಳರಲ್ಲಿ ಒಂದು ಮಾತ್ರ. (ಭಿನ್ನರಾಶಿಯ ಗುಣಾಕಾರದಿಂದ ಏನು ಪ್ರಯೋಜನವೆಂದು ಕೇಳುತ್ತಿದ್ದ ಹಳೆಯ ವಿದ್ಯಾರ್ಥಿನಿಯರು ಈ ವಾಕ್ಯವನ್ನು ಇನ್ನೊಮ್ಮೆ ಓದಬಹುದು.) ಹಿಂದಿನ ಆಟಗಳಲ್ಲಿ ಈ ಸಂಭವ ಅರ್ಧಕ್ಕೆ ಇಳಿಯುತ್ತಿತ್ತು, 2013ರ ಎಕ್ಸ್ ಮತ್ತು ವೈ ಆವೃತ್ತಿಗಳಿಂದ ಮೂರನೆಯ ಒಂದಂಶಕ್ಕೆ ಇಳಿಯಿತು. ನಡುವೆ ಬೇರೆ ಯಾವುದಾದರೊಂದು ಪಟ್ಟನ್ನು ಹಾಕಿದರೆ ಲೆಕ್ಕವು ಮತ್ತೆ ಮೊದಲಿನಿಂದ ಆರಂಭವಾಗುವುದು.

ನಾವು ಈ ನಿಯಮವನ್ನು ಕಲಿತುದು ಸೋತು. ಹುಡುಗಿಯು ತನ್ನ ಅಣ್ಣನ ಯಂತ್ರವನ್ನು ನಮ್ಮ ಕೈಗೆ ಕೊಟ್ಟು ಆಡಲು ಕರೆದಳು. ಒಂದು ಸಲ ಪ್ರೊಟೆಕ್ಟ್ ಹಾಕಿ ಬದುಕಿದ ನಾವು ಭಯದಿಂದ ಎರಡನೆಯ ಸಲವೂ ಅದನ್ನೇ ಹಾಕಿದೆವು. ಅದು ವಿಫಲವಾಗಿ ನಮ್ಮ ಜಂತು ಒಂದೇ ಹೊಡೆತಕ್ಕೆ ಬಿದ್ದಿತು. "ಟೀಚರ್, ಹೆದರಿಕೆಯಿಂದ ಹಾಕಬಾರದು" ಎಂದಳು ಹುಡುಗಿ. ನಮಗೆ ಕೊಂಚ ನಾಚಿಕೆಯಾಯಿತು.

ಹೆದರಿಕೆಯಿಂದಲ್ಲದಿದ್ದರೆ ಮತ್ತೇತಕ್ಕೆ ಹಾಕುವುದು? ಒಂದನೆಯದಾಗಿ, ಕಾಲವನ್ನು ಗಳಿಸುವುದಕ್ಕೆ. ಟಾಕ್ಸಿಕ್ ಎಂಬ ಪಟ್ಟು ಎದುರಾಳಿಗೆ ಏರುವಿಷವನ್ನು ಕೊಡುವುದು. ಅದು ಮೊದಲನೆಯ ಸರದಿಯ ಕೊನೆಗೆ ಪ್ರಾಣಬಲದ ಹದಿನಾರರಲ್ಲಿ ಒಂದು ಭಾಗವನ್ನೂ, ಎರಡನೆಯದರ ಕೊನೆಗೆ ಎರಡು ಭಾಗವನ್ನೂ, ಮೂರನೆಯದರ ಕೊನೆಗೆ ಮೂರು ಭಾಗವನ್ನೂ ಹೀಗೆ ಹೆಚ್ಚುಹೆಚ್ಚಾಗಿ ತಿನ್ನುತ್ತ ಬರುವುದು. ಒಂದು, ಎರಡು, ಮೂರು, ನಾಲ್ಕು, ಐದು ಕೂಡಿಸಿದರೆ ಹದಿನೈದು. ಆರನೆಯ ಸರದಿಯ ಕೊನೆಯಲ್ಲಿ ಏನೂ ಉಳಿಯುವುದಿಲ್ಲ. ಈ ಆರು ಸರದಿಗಳಲ್ಲಿ ನಾವು ಒಂದು ಬಿಟ್ಟು ಒಂದರಂತೆ ಪ್ರೊಟೆಕ್ಟ್ ಹಾಕಿದರೆ ಎದುರಾಳಿಗೆ ಹೊಡೆಯಲು ದೊರೆಯುವುದು ಮೂರು ಸರದಿ ಮಾತ್ರ. ನಮ್ಮ ಜಂತುವಿನ ಕೈಯಲ್ಲಿ ಲೆಫ್ಟೋವರ್ಸ್ ಎಂಬ ಬುತ್ತಿಯಿದ್ದರೆ ಅಷ್ಟರಲ್ಲಿ ಸರದಿಗೆ ಹದಿನಾರರಲ್ಲಿ ಒಂದರಂತೆ ನಮ್ಮ ಪ್ರಾಣಬಲ ತುಂಬಿಕೊಳ್ಳುತ್ತಲೂ ಇರುವುದು. ಆದುದರಿಂದ ಹೊರಗಿನವರ ಕಣ್ಣಿಗೆ ಏನೂ ನಡೆಯದಂತೆ ಕಾಣುವ ಸರದಿಯಲ್ಲಿ ಎರಡು ಕೆಲಸಗಳು ನಡೆದಿರುತ್ತವೆ. ಎದುರಾಳಿಯು ಆ ಜಂತುವನ್ನು ಹಿಂದಕ್ಕೆ ಕರೆದುಕೊಂಡರೆ ವಿಷದ ಏರಿಕೆ ಮತ್ತೆ ಒಂದರಿಂದ ಮೊದಲಾಗುವುದೆಂಬುದನ್ನು ಮರೆಯತಕ್ಕದ್ದಲ್ಲ. ಹಾಗೆ ಕರೆದುಕೊಳ್ಳುವಂತೆ ಮಾಡಿದುದೂ ಒಂದು ಲಾಭವೇ.

ಆದರೆ ಈ ಪಟ್ಟಿನ ನಿಜವಾದ ಬೆಲೆ ತಿಳಿಯುವುದು ಜೋಡಿ ಕದನದಲ್ಲಿ. 2002ರಲ್ಲಿ ಹೊರಟ ಮಾಣಿಕ್ಯ ಮತ್ತು ನೀಲಮಣಿಯ ಆವೃತ್ತಿಗಳಲ್ಲಿ ಪಕ್ಷಕ್ಕೆರಡು ಜಂತುಗಳಂತೆ ಕಾದುವ ಪದ್ಧತಿ ಬಂದಿತು. 2009ರಿಂದ ವಿಶ್ವ ಚಾಂಪಿಯನ್‌ಶಿಪ್ ಪಂದ್ಯಗಳೂ ಇದೇ ಪದ್ಧತಿಯಲ್ಲಿ ನಡೆದಿವೆ. ಗಾರ್ಚೊಂಪ್ ಎಂಬುದು ಅರ್ತ್‌ಕ್ವೇಕ್, ಅಂದರೆ ಭೂಕಂಪದ ಪಟ್ಟನ್ನು ಹಾಕಿತೆನ್ನೋಣ. ನೆಲ ನಡುಗಿದರೆ ಶತ್ರು ಮಿತ್ರರೆಂಬ ಭೇದವಿದೆಯೆ? ಪಕ್ಕದಲ್ಲಿಯೇ ನಿಂತ ತನ್ನ ಜೊತೆಗಾರ ಇನ್ಸಿನರೋರ್‌ಗೂ ಅದು ಬಡಿಯುವುದು. ಇನ್ಸಿನರೋರ್ ಬೆಂಕಿಯ ಜಾತಿಯದಾದ್ದರಿಂದ ಇಮ್ಮಡಿಯಾಗಿ ಬಡಿಯುವುದು. ಅದೇ ಸರದಿಯಲ್ಲಿ ಇನ್ಸಿನರೋರ್ ಪ್ರೊಟೆಕ್ಟ್ ಹಾಕಿದ್ದರೆ ಎದುರಿನ ಎರಡಕ್ಕೂ ಪೆಟ್ಟು, ಜೊತೆಗಾರನಿಗೆ ಏನೂ ಇಲ್ಲ. ಇನ್ನು, ಎದುರಾಳಿಯು ತನ್ನ ಎರಡು ಹೊಡೆತಗಳನ್ನೂ ನಮ್ಮ ಒಂದೇ ಜಂತುವಿನ ಮೇಲೆ ಹರಿಸುವನೆಂದು ನಾವು ಸರಿಯಾಗಿ ಊಹಿಸಿ ಅದಕ್ಕೆ ಪ್ರೊಟೆಕ್ಟ್ ಹಾಕಿದರೆ, ಆ ಎರಡೂ ವ್ಯರ್ಥವಾಗಿ, ನಮ್ಮ ಇನ್ನೊಂದು ಜಂತು ಪೆಟ್ಟಿಲ್ಲದೆ ತನ್ನ ಕೆಲಸವನ್ನು ಪೂರೈಸುವುದು. ಒಬ್ಬರು ಸುಮ್ಮನಿದ್ದುದರಿಂದ ಮತ್ತೊಬ್ಬರ ಕೈಗೆ ಒಂದು ಇಡೀ ಸರದಿ ಬರುವುದು.

2014ರಲ್ಲಿ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ನಡೆದ ವಿಶ್ವ ಪಂದ್ಯದಲ್ಲಿ ಗೆದ್ದವರು ದಕ್ಷಿಣ ಕೊರಿಯದ ಸೇಜುನ್ ಪಾರ್ಕ್. ಅವರ ತಂಡದಲ್ಲಿ ಪಚಿರಿಸು ಎಂಬ ಅಳಿಲಿನಂತಹ ಪುಟ್ಟ ಜಂತುವಿದ್ದಿತು. ಅಲ್ಲಿಯ ತನಕ ಅದನ್ನು ಯಾರೂ ದೊಡ್ಡದೆಂದು ಎಣಿಸಿರಲಿಲ್ಲ. ಅದರ ಮುಖ್ಯ ಕೆಲಸವು ಎದುರಾಳಿಯ ಹೊಡೆತಗಳನ್ನು ತನ್ನ ಕಡೆಗೆ ಸೆಳೆದುಕೊಂಡು ಜೊತೆಗಾರನನ್ನು ಉಳಿಸುವುದು. ಅದರ ನಾಲ್ಕು ಪಟ್ಟುಗಳಲ್ಲಿ ಒಂದು ಪ್ರೊಟೆಕ್ಟ್. ಇದನ್ನು ಹೇಳುವಾಗ ಹುಡುಗಿಯ ಮುಖ ಅರಳಿದುದನ್ನು ನಾವು ಕಂಡೆವು. ತರಗತಿಯಲ್ಲಿ ಗಿಡ್ಡನೆಯವಳೆಂದು ಅವಳನ್ನು ಆಟಕ್ಕೆ ಸೇರಿಸಿಕೊಳ್ಳುವುದಿಲ್ಲವೆಂದು ತಾಯಿಯು ಆಮೇಲೆ ನಮಗೆ ತಿಳಿಸಿದಳು.

ಪ್ರೊಟೆಕ್ಟಿಗೆ ತೆರಬೇಕಾದ ಬೆಲೆಯೂ ಇದೆ. ನಾಲ್ಕೇ ಪಟ್ಟುಗಳಿರುವಲ್ಲಿ ಇದಕ್ಕೊಂದನ್ನು ಕೊಟ್ಟರೆ ಹೊಡೆಯಲು ಮೂರೇ ಉಳಿಯುತ್ತವೆ. ಅಲ್ಲದೆ ಇದು ನಮ್ಮ ಮೇಲೆ ಬರುವುದನ್ನು ತಡೆಯುವುದೇ ಹೊರತು ಎದುರಾಳಿಯು ತನಗೆ ತಾನು ಮಾಡಿಕೊಳ್ಳುವುದನ್ನು ತಡೆಯುವುದಿಲ್ಲ. ನಾವು ಪ್ರೊಟೆಕ್ಟ್ ಹಾಕುವೆವೆಂದು ಊಹಿಸಿದ ಜಾಣನು ಆ ಸರದಿಯಲ್ಲಿ ಹೊಡೆಯದೆ ಸ್ವೋರ್ಡ್ಸ್ ಡಾನ್ಸ್ ಎಂಬ ಕತ್ತಿಯ ಕುಣಿತವನ್ನು ಹಾಕಿ ತನ್ನ ಹೊಡೆತದ ಬಲವನ್ನು ಇಮ್ಮಡಿ ಮಾಡಿಕೊಳ್ಳುವನು. ಮುಂದಿನ ಸರದಿಯಲ್ಲಿ ನಮ್ಮ ಪಾಡು ಮೂರರಲ್ಲಿ ಒಂದು. ಈಗಾಗಲೇ ಮೈಗೇರಿದ ವಿಷವನ್ನೂ ಇದು ತಡೆಯಲಾರದು. ಗುರಾಣಿಯನ್ನೇ ಭೇದಿಸುವ ಪಟ್ಟುಗಳೂ ಉಂಟು. 2006ರಲ್ಲಿ ಬಂದ ಫೇಂಟ್ ಎಂಬುದು ಅಂತಹದು. 2020ರಲ್ಲಿ ಬಂದ ಅರ್ಶಿಫು ಎಂಬ ಕರಡಿಯ ಜಂತುವಂತೂ ಮೈಮುಟ್ಟಿ ಹೊಡೆಯುವ ತನ್ನ ಹೊಡೆತಗಳಿಗೆ ಪ್ರೊಟೆಕ್ಟನ್ನು ಲೆಕ್ಕಕ್ಕೇ ಇಡದೆ ಬಂದಿತು. ಗುರಾಣಿಯಲ್ಲಿಯೂ ಬಗೆಗಳಿವೆ: ಮುಟ್ಟಿದವನಿಗೆ ಮುಳ್ಳು ಚುಚ್ಚುವುದೊಂದು, ಮುಟ್ಟಿದವನಿಗೆ ವಿಷವೇರಿಸುವುದೊಂದು, ಮುಟ್ಟಿದವನ ಬಲವನ್ನು ಕುಂದಿಸುವುದೊಂದು. ಇವೆಲ್ಲವನ್ನೂ ಹುಡುಗಿಯು ಬಾಯಿಪಾಠವಾಗಿ ಒಪ್ಪಿಸಿದಳು. ನಾವು ಅರ್ಧವನ್ನು ಮರೆತೆವು.

ಹೊರಡುವ ಹಿಂದಿನ ಸಂಜೆ ಕಡೆಯ ಆಟವನ್ನಾಡಿದೆವು. ಇಬ್ಬರಿಗೂ ಒಂದೊಂದೇ ಜಂತು ಉಳಿದಿದ್ದಿತು. ನಮ್ಮದಕ್ಕೆ ವಿಷವೇರಿತ್ತು. ಹುಡುಗಿಯು ಪ್ರೊಟೆಕ್ಟ್ ಹಾಕಿದಳು. ನಮ್ಮ ಹೊಡೆತ ವ್ಯರ್ಥವಾಯಿತು. ಅಡಿಗೆಮನೆಯಿಂದ ಬಂದು ನಿಂತಿದ್ದ ತಾಯಿಯು, "ಇನ್ನೊಂದು ಸಲ ಪ್ರೊಟೆಕ್ಟ್ ಹಾಕೇ" ಎಂದಳು. "ಈಗ ತಾನೇ ಹಾಕಿದೆನಲ್ಲಮ್ಮ, ಇನ್ನು ಮೂರರಲ್ಲಿ ಒಂದೇ" ಎಂದು ಹೇಳಿ ಹುಡುಗಿಯು ಹೊಡೆತವನ್ನು ಆರಿಸಿದಳು. ನಾವು ಅದನ್ನು ಊಹಿಸಿ ಪ್ರೊಟೆಕ್ಟ್ ಆರಿಸಿದ್ದೆವು. ಅವಳ ಹೊಡೆತ ನಮಗೆ ತಗಲಲಿಲ್ಲ. ನಾವು ಹಿಗ್ಗುತ್ತಿರುವಷ್ಟರಲ್ಲಿಯೇ ಸರದಿ ಮುಗಿದು ವಿಷವು ತನ್ನ ಪಾಲನ್ನು ತೆಗೆದುಕೊಂಡಿತು. ನಮ್ಮ ಜಂತು ಮೂರ್ಛೆಹೋಯಿತು. ತಾಯಿಯು ಸೌಟನ್ನು ಕೈಯಲ್ಲಿಯೇ ಹಿಡಿದುಕೊಂಡು ಮಗಳ ಪಕ್ಕದಲ್ಲಿ ಕುಳಿತು, ಅದು ಹೇಗಾಯಿತೆಂದು ಕೇಳತೊಡಗಿದಳು.